ಮಧ್ಯಾಹ್ನದ ಮಾತ್ರೆ

ನಜೀಬ್ ಅಣ್ಣಾ,

ನೀನು ಎಲ್ಲಿದ್ದೀಯೋ ತಿಳಿಯದು, ಹಾಗಾಗಿ ಇದನ್ನು ಎಲ್ಲಿಗೂ ಕಳಿಸುವುದಿಲ್ಲ. ನಮ್ಮೂರು ಸ್ಫಾಕ್ಸ್‌ನಲ್ಲಿ ಇಂದು ರಂಜಾನಿನ ಮೊದಲ ಉಪವಾಸ. ನಿನ್ನನ್ನು ಕಾಡುತ್ತಿದ್ದ ಕಳವಳ ಈಗ ನನಗೂ ಅಂಟಿಕೊಂಡಿದೆ. ವಾರಕ್ಕೊಮ್ಮೆ ಡಾಕ್ಟರ್ ಹನೀನ್ ಎದುರು ಕೂತು ಮಾತಾಡುತ್ತೇನೆ, ಸಂಜೆ ಬಂದರಿನವರೆಗೆ ನಡೆಯುತ್ತೇನೆ, ದಿನಕ್ಕೆ ಮೂರು ಮಾತ್ರೆ ನುಂಗುತ್ತೇನೆ. ಉಪವಾಸದಲ್ಲಿ ಮಧ್ಯಾಹ್ನದ್ದನ್ನು ಏನು ಮಾಡಲಿ ಎಂದಿದ್ದಕ್ಕೆ ಡಾಕ್ಟರು, "ನಿಮ್ಮ ಇಮಾಮರನ್ನೇ ಕೇಳಿ ನೋಡಿ" ಎಂದಿದ್ದರು.

ಬೆಳಿಗ್ಗೆ ಮಸೀದಿಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಜೋಡಿಸುತ್ತಿದ್ದ ಇಮಾಮರು ನನ್ನ ಪ್ರಶ್ನೆ ಕೇಳಿ ಹೇಳಿದರು: "ಸಕ್ಕರೆ ಕಾಯಿಲೆಯೋರಿಗೆ ಉಪವಾಸ ಬಿಡಿ ಅಂತೀನಿ. ಮನಸ್ಸಿಂದು ಮಾತ್ರ ಕಾಯಿಲೆ ಅಲ್ವೇನಮ್ಮಾ? ಮಾತ್ರೆ ತಗೋ, ನಮಾಜೂ ಮಾಡು. ಇನ್ನೇನಾದ್ರೂ ಕೇಳೋದಿತ್ತಾ?"

"ಇಲ್ಲ" ಎಂದೆ.

ಆ ವರ್ಷದ ರಂಜಾನಿನಲ್ಲಿ ನಿನ್ನ ಮಾತ್ರೆ ಡಬ್ಬಿಯನ್ನು ಬೀರುವಿನ ಮೇಲೆ ಎತ್ತಿಟ್ಟವಳು ನಾನೇ. "ಒಂದು ತಿಂಗಳು ತಾನೆ, ಅಣ್ಣಾ? ದೇವ್ರನ್ನ ನಂಬು, ಸಾಕು" ಎಂದಿದ್ದೆ. ಹಬ್ಬಕ್ಕೆ ಮೊದಲೇ ನೀನು ಮನೆ ಬಿಟ್ಟು ಹೋದೆ. ಡಬ್ಬಿ ಇನ್ನೂ ಅಲ್ಲೇ ಇದೆ, ಧೂಳು ಒರೆಸುತ್ತಿರುತ್ತೇನೆ.

ಈಗ ಮಧ್ಯಾಹ್ನ. ಅಮ್ಮನೇ ನೀರು ತಂದಿಟ್ಟಿದ್ದಾಳೆ. ಮಸೀದಿಗೆ ಹೋಗಿ, ಕೇಳಿ, ಮನೆಗೆ ಬರಲು ಹತ್ತು ನಿಮಿಷ ಸಾಕಾಯಿತು, ಅಣ್ಣಾ.

ಸಲ್ವಾ