ಕೆರೆಯತ್ತ ಹೊರಳುವ ಕಾರು

ಶನಿವಾರ, ೧೯ ನವೆಂಬರ್ ೧೯೮೩. ಹಾನಗಲ್ಲ.

ತೀರಿಹೋದ ನನ್ನ ತಮ್ಮ ಪ್ರಾಣೇಶನ ಹಳೆಯ ಸ್ಪೋರ್ಟ್ಸ್ ಕಾರಿನ ಸ್ಟೇರಿಂಗ್ ತಿರುಗಿಸಿ ನನ್ನ ಭುಜ ಸೋತಿದೆ. ಹಿರೇಕೆರೂರಿನ ಮಿಸ್ತ್ರಿ ಮೌಲಾಸಾಬ ಇಂದೂ ನಕ್ಕ: “ಪವರ್ ಸ್ಟೇರಿಂಗ್ ಹಾಕಸ್ರಿ, ಮಾಸ್ತರ್ರ. ಕಾರು ಹೊಡ್ಯಾಕತ್ತೀರೋ, ಕುಸ್ತಿ ಹಿಡ್ಯಾಕತ್ತೀರೋ?”

ಕುಸ್ತಿಯೇ. ಯಾರೊಡನೆ ಎಂಬುದನ್ನು ಅವನಿಗೆ ಹೇಳಲಿಲ್ಲ.

ಸಂಜೆ ಮರಳುವಾಗ, ಅಕ್ಕಿಆಲೂರಿನ ಕೆರೆಯ ಬಳಿ ಸ್ಟೇರಿಂಗ್ ಮತ್ತೆ ತಾನಾಗಿಯೇ ನೀರಿನತ್ತ ಹೊರಳಿತು. ಪ್ರಾಣೇಶ ಅಲ್ಲಿಯೇ ಕಾರು ನಿಲ್ಲಿಸಿ ಸಂಧ್ಯಾವಂದನೆಗೆ ಇಳಿಯುತ್ತಿದ್ದ; ಒಂದು ಸಂಜೆ ಅರ್ಘ್ಯ ಕೊಡಲು ಇಳಿದವನು ಮೇಲೆ ಬರಲಿಲ್ಲ. ಬಲವನ್ನೆಲ್ಲ ಹಾಕಿ ಕಾರನ್ನು ರಸ್ತೆಗೆ ತಂದೆ. ಬೇರೆಲ್ಲಿಯೂ ಅದು ಹೀಗೆ ಎಳೆಯುವುದಿಲ್ಲ. ಮಿಸ್ತ್ರಿಯ ಕಣ್ಣಿಗೂ ದೋಷ ಕಂಡಿಲ್ಲ.

ಪವರ್ ಸ್ಟೇರಿಂಗಿನಿಂದ ತಿರುಗಿಸುವುದು ನನಗೆ ಹಗುರವಾದರೆ, ಪ್ರಾಣೇಶನಿಗೂ ಹಗುರವಾಗುತ್ತದೆ. ಬೇಡವೆಂದೇ ನಿಶ್ಚಯಿಸಿದ್ದೇನೆ. ಆದರೆ ಇಂದು ಅವನ ಎಳೆತ ಹೆಚ್ಚಿತ್ತೋ, ನನ್ನ ತಡೆ ಕುಂದಿತ್ತೋ...