ಮೊದಲ ದೃಶ್ಯದಲ್ಲೇ ಸತ್ತ ಅತ್ತೆ

ಅಕ್ಕಾ,

ನೀನು ಒಲೆ ಮೇಲಿನ ಹಾಲು ಉಕ್ಕಿಸಿಕೊಂಡು ಓದ್ತಿದ್ದ ಆ ದಪ್ಪ ಕಾದಂಬರಿಯಲ್ಲಿ ಅತ್ತೆ ಸಾಯೋದು ಕೊನೇ ಪುಟದಲ್ಲಿ. ಅದನ್ನ ನಾಟಕ ಮಾಡಿರೋ ನಮ್ಮ ನಿರ್ದೇಶಕ ಮಹಾಶಯರು ಅವಳನ್ನ ಮೊದಲ ದೃಶ್ಯದಲ್ಲೇ ಸಾಯಿಸಿದ್ದಾರೆ. ಪ್ರಯೋಗವಂತೆ! ಹೆಣ ನಾನೇ. ವೇದಿಕೆಯೂ ಇಲ್ಲ, ಗೋದಾಮಿನ ನೆಲದ ಮೇಲೆ ಮಲಗಿರ್ತೀನಿ, ಪ್ರೇಕ್ಷಕರು ಸುತ್ತ ನಿಂತು ನೋಡ್ತಾರೆ.

ನಿನ್ನೆ ಒಬ್ಬರು ಅಜ್ಜಿ ನನ್ನ ಪಾದ ಮುಟ್ಟಿ, "ಕಾಲು ಮಂಜುಗಡ್ಡೆ ಆಗಿದೆ, ನಿಮಗ್ಯಾರಿಗೂ ಕಣ್ಣಿಲ್ವೇನ್ರೋ?" ಅಂತ ಎಲ್ಲರನ್ನೂ ಗದರಿಸಿ, ತಮ್ಮ ಶಾಲು ಹೊದಿಸಿಬಿಟ್ಟರು. ನಗು ತಡೆಯಲಾರದೆ ಹೆಣ ಅಲುಗಾಡಿತು. ಆಮೇಲೆ ಶಾಲು ವಾಪಸ್ ಕೊಟ್ಟರೂ ತಗೊಳ್ಳಲಿಲ್ಲ.

ಸೊಂಟ ಹಿಡಿದುಕೊಂಡಿದೆ, ನೆಗಡಿ ಬಿಟ್ಟಿದೆ. ಸ್ವೆಟರ್ ಕಳಿಸಬೇಡ, ಅಜ್ಜಿಯ ಶಾಲಿದೆ.

ಈ ಕಾರ್ಡ್ ಅಮ್ಮನ ಕೈಗೆ ಸಿಕ್ಕೀತು, ಜೋಕೆ. ಅಪಶಕುನ ಅಂತ ಊಟ ಬಿಡ್ತಾಳೆ. ಕೇಳಿದರೆ ಮುಖ್ಯ ಪಾತ್ರ ಅನ್ನು. ಸುಳ್ಳೇನಲ್ಲ, ಎಲ್ಲರೂ ಅಳೋದು ನನಗೋಸ್ಕರವೇ.

ಗಂಟೆ ಹೊಡೆದರು, ಸಾಯೋಕೆ ಹೊತ್ತಾಯ್ತು.

ನಿನ್ನ ತಂಗಿ