ಊರಿನಲ್ಲಿ ಇದ್ದವರು ನೂರ ಮೂವತ್ತೊಂದು

ಕ್ಲಾಂಗ್ ಬಂದರು, ಮಲೇಷ್ಯಾ
ನವೆಂಬರ್ 15, 2020, ಭಾನುವಾರ

ಶ್ರೀಯಾಳ ಅಪ್ಪನಿಗೆ ಪ್ರೀತಿಯಿಂದ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಯಲ್ಲಿ ಬೆವರಿ ಹಾಗೆಯೇ ಮೇಲೆ ಬಂದು ಗಾಳಿಗೆ ನಿಲ್ಲಬೇಡಿ ಎಂದು ಮದುವೆಯಾದಂದಿನಿಂದ ಹೇಳುತ್ತಿದ್ದೇನೆ. ನೀವು ಕೇಳುವವರಲ್ಲ, ನಾನು ಬಿಡುವವಳಲ್ಲ. ಇಲ್ಲಿ ನಾನು, ಶ್ರೀಯಾ ಇಬ್ಬರೂ ಆರೋಗ್ಯವಾಗಿದ್ದೇವೆ. ವಾರಕ್ಕೊಮ್ಮೆ ಬರುವ ನಿಮ್ಮ ಐದು ನಿಮಿಷದ ಫೋನಿನಲ್ಲಿ ನಾಲ್ಕು ನಿಮಿಷ ಮಗಳದ್ದು, ಉಳಿದ ಒಂದರಲ್ಲಿ ಅರ್ಧ ಬರೀ 'ಹಲೋ ಹಲೋ'. ಅದಕ್ಕೇ ಈ ಕಾಗದ. ಹಡಗಿಗೆ ಸಾಮಾನು ಕಳಿಸುವ ಏಜೆಂಟರು ತಲುಪಿಸುತ್ತೇನೆ ಎಂದಿದ್ದಾರೆ. ಒಂಬತ್ತು ತಿಂಗಳೆಂದು ಹೋದವರು ನೀವು, ಈಗ ಹದಿನೇಳಾಯಿತು. ಕೊರೊನಾದಿಂದ ಯಾವ ದೇಶವೂ ಹಡಗಿನವರನ್ನು ಇಳಿಸಿಕೊಳ್ಳುತ್ತಿಲ್ಲ ಎಂದು ನೀವು ನನಗೆ ಹೇಳುತ್ತೀರಿ, ನಾನು ಅದನ್ನೇ ಶ್ರೀಯಾಳಿಗೆ ಹೇಳುತ್ತೇನೆ. ಯಾವಾಗ ಬರುತ್ತೀರಿ ಎಂಬ ಒಂದು ಪ್ರಶ್ನೆ ಬಿಟ್ಟರೆ ಈ ಮನೆಯಲ್ಲಿ ಈಗ ಬೇರೆ ಮಾತಿಲ್ಲ.

ಕೆಳಗಿನ ಮಾಮಕ್ ಹೋಟೆಲಿನಲ್ಲಿ ಮತ್ತೆ ಕೂತು ತಿನ್ನಲು ಬಿಟ್ಟಿದ್ದಾರೆ. ಒಂದು ಮೇಜಿಗೆ ಇಬ್ಬರೇ ಎಂದು ಚೀಟಿ ಅಂಟಿಸಿ ಮಿಕ್ಕ ಕುರ್ಚಿಗಳಿಗೆ ಹಗ್ಗ ಕಟ್ಟಿದ್ದರು. ನಮಗಂತೂ ಸರಿಹೋಯಿತು ಎಂದು ಮಗಳಿಗೆ ಹೇಳಿ ನಗಬೇಕೆಂದುಕೊಂಡೆ. ನಗು ಬರಲಿಲ್ಲ, ರೊಟ್ಟಿಯನ್ನು ತಪೌ ಕಟ್ಟಿಸಿಕೊಂಡು ಮೇಲೆ ಬಂದೆವು.

ನನ್ನ ಸೈಬರ್‌ಜಯಾ ಆಫೀಸು ಈಗ ನಮ್ಮ ಊಟದ ಮೇಜಿನ ಮೇಲೆ ನಡೆಯುತ್ತಿದೆ. ಕೆಲಸ ಅದೇ, ನಕಾಶೆಗೆ ಊರುಗಳ ವಿವರ ತುಂಬುವುದು: ಎತ್ತರ, ಹೊಳೆ, ದಾರಿ, ಜನಸಂಖ್ಯೆ, ಭಾಷೆ. ಕಳೆದ ವಾರ ಕ್ಯಾಸ್ಪಿಯನ್ ಕಡಲಿನ ಆಚೆಯ ಬೆಟ್ಟದ ಒಂದು ಹಳ್ಳಿ ನನ್ನ ಪಾಲಿಗೆ ಬಂತು. ಅದರ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಎರಡು ಕಣಿವೆಗಳ ನಡುವೆ ಏಣಿಮೆಟ್ಟಿಲಿನ ಹಾಗೆ ಮನೆಗಳು, ಒಂದರ ಮಾಡು ಮೇಲಿನದರ ಅಂಗಳ. ಕೆಳಗೆ ಅಕ್ರೋಟು ಮರಗಳು, ಬೇಸಿಗೆಗೆ ಬತ್ತುವ ಒಂದು ಹೊಳೆ, ಚಳಿಗಾಲದಲ್ಲಿ ಮುಚ್ಚಿಹೋಗುವ ಒಂದೇ ದಾರಿ. ಭಾಷೆಯ ಜಾಗದಲ್ಲಿ 'ಹಿಂದೆ ಫಾರ್ಸಿ' ಎಂದಿತ್ತು. ಹಳೆಯ ದಾಖಲೆ ಓದಿದೆ. ಗಂಡಸರೆಲ್ಲ ಎಣ್ಣೆಬಾವಿಗಳ ನಗರಕ್ಕೆ ದುಡಿಯಲು ಹೋಗುತ್ತಿದ್ದರಂತೆ, ಬರುವಾಗ ಅಲ್ಲಿಯ ತುರ್ಕಿ ಮಾತು ಕಲಿತು ಬರುತ್ತಿದ್ದರಂತೆ. ಹೆಂಗಸರು ಮಾತ್ರ ಒಲೆಯ ಮುಂದೆ ಫಾರ್ಸಿ ಆಡಿಕೊಂಡಿದ್ದರು. ಮಕ್ಕಳು ಅಪ್ಪನ ಮಾತನ್ನೇ ಹಿಡಿದರು. ಒಲೆಯ ಮುಂದಿನ ಮಾತು ಒಲೆಯ ಮುಂದೆಯೇ ಮುಗಿಯಿತು.

ಆ ದಾಖಲೆಯಲ್ಲಿ ಜನರ ಎಣಿಕೆ ಎರಡು ಸಾಲಿನಲ್ಲಿತ್ತು. ಊರಿಗೆ ಸೇರಿದವರು ಇನ್ನೂರ ಹದಿನಾಲ್ಕು, ಎಣಿಸಿದ ದಿನ ಊರಿನಲ್ಲಿ ಇದ್ದವರು ನೂರ ಮೂವತ್ತೊಂದು. ನಾನು ಯೋಚಿಸದೆ ಇನ್ನೂರ ಹದಿನಾಲ್ಕು ಎಂದು ತುಂಬಿದೆ. ಅದೊಂದೇ ಅಲ್ಲ, ಆ ವಾರ ಮಾಡಿದ ಹನ್ನೊಂದು ಹಳ್ಳಿಗಳಲ್ಲೂ ದುಡಿಯಲು ಹೋದವರನ್ನೆಲ್ಲ ಊರೊಳಗೆ ಸೇರಿಸಿಬಿಟ್ಟಿದ್ದೆ. ಆಫೀಸಿನಲ್ಲಿ ನನ್ನ ಮೇಲಿನವನು ದೇವೇಂದ್ರ, ಬೆಂಗಳೂರಿನ ಹುಡುಗ, ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸುವವನು, ಫೋನ್ ಮಾಡಿದ. "ಸುಗಂಧಿ ಮೇಡಂ, ಇರೋರನ್ನ ಮಾತ್ರ ಕೌಂಟ್ ಮಾಡ್ಬೇಕು ಲಾ. ಹೋದೋರನ್ನ ಯಾಕೆ ಹಾಕ್ತೀರಾ? ವಾಪಸ್ ಬರ್ತಾರೋ ಇಲ್ವೋ ಯಾರಿಗ್ಗೊತ್ತು?" ಪಾಪ, ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಹೇಳಿದ್ದಲ್ಲ. ಹನ್ನೊಂದನ್ನೂ ತಿದ್ದಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಶ್ರೀಯಾ ತುಳು ಆಡುತ್ತಿದ್ದದ್ದು ನಿಮ್ಮೊಬ್ಬರ ಜೊತೆ. ಈಗ ನಾನು ತುಳುವಿನಲ್ಲಿ ಕರೆದರೆ "ಐ ಅಂಡರ್‌ಸ್ಟ್ಯಾಂಡ್ ಅಮ್ಮಾ, ಬಟ್ ವೆನ್ ಅಪ್ಪ ಕಮ್ಸ್ ಐ ವಿಲ್ ಟಾಕ್ ಲಾ" ಎನ್ನುತ್ತಾಳೆ. ಇಡೀ ದಿನ ನನ್ನ ಮಾತು ನನಗೇ ಕೇಳಿಸುತ್ತದೆ. ಒಂಟಿತನ ಎಂಬ ಪದವನ್ನು ಪರೀಕ್ಷೆಯ ಪ್ರಬಂಧದಲ್ಲಿ ಬರೆದಿದ್ದೆ, ಅದಕ್ಕೆ ಇಷ್ಟು ತೂಕವಿದೆ ಎಂದು ಗೊತ್ತಿರಲಿಲ್ಲ.

ಉಡುಪಿಯಿಂದ ಐತಪ್ಪ ಮಾವ ನಿಮ್ಮನ್ನು ಕೇಳಿದ್ದಾರೆ, ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕಡಲು ನಿಮ್ಮ ಮೇಲೆ ಮುನಿಯದಿರಲಿ.

ನಿಮ್ಮ,
ಸುಗಂಧಿ

ಮರೆತ ವಿಷಯ: ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮೊನ್ನೆ ಮಂಗಳೂರಿನಿಂದ ಹಡಗಿನಲ್ಲಿ ನಿಮ್ಮ ಜೊತೆಗಿದ್ದ ರಾಧಾಕೃಷ್ಣರ ಹೆಂಡತಿ ಭಾನುಮತಿ ಫೋನ್ ಮಾಡಿದ್ದಳು. ಸೆಪ್ಟೆಂಬರಿನಲ್ಲಿ ಕೊಲಂಬೋದಲ್ಲಿ ನಾಲ್ಕು ಜನರನ್ನು ಇಳಿಸಿದರಂತೆ. ಪಟ್ಟಿಯಲ್ಲಿ ನಿಮ್ಮ ಹೆಸರಿತ್ತಂತೆ, ನೀವೇ ಅದನ್ನು ಅವಳ ಗಂಡನಿಗೆ ಬಿಟ್ಟುಕೊಟ್ಟಿರಂತೆ. ಅವರ ತಾಯಿ ಕೊನೆಗಾಲದಲ್ಲಿ ಮಗನ ಮುಖ ನೋಡಿದರು, ನೀವು ದೇವರಂಥವರು ಎಂದು ಅತ್ತಳು. ನನಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದಾಳೆ, ನಾನೂ ಹಾಗೆಯೇ ನಟಿಸಿದೆ. ಒಂದೇ ಒಂದು ಬರೆದು ತಿಳಿಸಿ. ಇಳಿಯದೆ ಉಳಿದದ್ದು ಅವರ ತಾಯಿಗಾಗಿಯೋ, ಇಲ್ಲ ನಿಮಗೆ ಇಲ್ಲಿಗೆ ಬರುವ ಮನಸ್ಸಿರಲಿಲ್ಲವೋ? ಎರಡನೆಯದಾದರೆ ಅದನ್ನೂ ಬರೆಯಿರಿ. ಶ್ರೀಯಾಳಿಗೆ ನಾನೇ ಹೇಳುತ್ತೇನೆ.